ಮೂರು ಸಲ

ಎಲಿಸಿಯೋ, ಸ್ಕ್ರೂಡ್ರೈವರ್ ಕೆಳಗಿಡು.
ಮೊದಲು ಈ ಮಾಟೆ ಎಲೆಯ ಕಷಾಯ ಹೀರು,
ಹೊಸ ಯಂತ್ರ ಎಲ್ಲಿಗೂ ಓಡಿಹೋಗುವುದಿಲ್ಲ.
ಪ್ಯಾಟಗೋನಿಯಾದಲ್ಲಿ ಓಡುವುದು ಗಾಳಿ ಮಾತ್ರ.

ರೇಡಿಯೋ ಎಂದರೆ ಗಾಳಿಮಾತು ಅಂದುಕೊಂಡಿದ್ದೆ,
ನಿನ್ನ ವಯಸ್ಸಿನಲ್ಲಿ ನಾನೂ.
ಅಲ್ಲ. ಗಾಳಿ ಕೆಡವುವುದು ಕಂಬವನ್ನು,
ಎರಡು ಸಲ ಕೆಡವಿದೆ.
ಮಾತಿಗೆ ಅದರ ಹಂಗೇ ಇಲ್ಲ.

ಹಳೆಯದಿರಲಿ ಹೊಸದಿರಲಿ ಕೆಲಸ ಒಂದೇ,
ಒಂದು ಅಲೆಯ ಹೆಗಲಿಗೆ ದನಿ ಹೇರಿ ಕಳಿಸುವುದು.
ಹಳೆಯ ಎ.ಎಂ. ಹೇರುವುದು ಎತ್ತರದಲ್ಲಿ:
ಕೂಗಿದರೆ ಅಲೆ ಉಬ್ಬುತ್ತದೆ,
ಪಿಸುಗುಟ್ಟಿದರೆ ಕುಗ್ಗುತ್ತದೆ,
ಅಳುವವರ ಭುಜದ ಹಾಗೆ.
ಹೊಸ ಎಫ್.ಎಂ. ಎತ್ತರ ಬಿಟ್ಟುಕೊಡುವುದಿಲ್ಲ,
ಹೆಜ್ಜೆ ಬದಲಿಸುತ್ತದೆ, ಒತ್ತೊತ್ತಾಗಿ, ಬಿಡಿಬಿಡಿಯಾಗಿ, ಮತ್ತೆ ಒತ್ತಾಗಿ.
ಮುಖದಲ್ಲಿ ಏನೂ ತೋರದೆ
ನಡಿಗೆಯಲ್ಲೇ ಎಲ್ಲ ಹೇಳಿಬಿಡುವವರಿಲ್ಲವೆ, ಹಾಗೆ.

ಸಿಡಿಲಿಗೆ ಗೊತ್ತಿರುವುದು ಎತ್ತರ ಕೆಡಿಸುವ ಕೆಲಸ.
ಎ.ಎಂ. ಬಾಗಿಲಿಗೆ ಅಗುಳಿಯಿಲ್ಲ;
ಸಿಡಿಲು, ವೆಲ್ಡಿಂಗಿನ ಕಿಡಿ,
ಕರೆಂಟು ಬೇಲಿಯ ಟಿಕ್ ಟಿಕ್,
ಕೆಸರುಗಾಲಲ್ಲೇ ಎಲ್ಲ ಒಳಗೆ.
ಎಫ್.ಎಂ. ಪೆಟ್ಟಿಗೆ ಬಂದ ಅಲೆಯ ಬೆನ್ನನ್ನು
ಸಮನಾಗಿ ಕತ್ತರಿಸುತ್ತದೆ, ಡಿಸೆಂಬರಿನಲ್ಲಿ ನೀನು ಕುರಿಗೆ ಮಾಡುವಂತೆ:
ಗದ್ದಲ ಉಣ್ಣೆಯ ಜೊತೆ ನೆಲಕ್ಕೆ,
ಮಾತು ಮೈಯ ಜೊತೆ ಉಳಿಯುತ್ತದೆ,
ಸ್ವಲ್ಪ ನಡುಗುತ್ತ, ಚೊಕ್ಕಟವಾಗಿ.

ಇಲ್ಲ, ಹೊಸದನ್ನು ಹಳಿಯುತ್ತಿಲ್ಲ ನಾನು.

ಸಂಜೆ ಆರರ ಸಂದೇಶದ ಹೊತ್ತು ನಿನಗೆ ಗೊತ್ತು.
ದೆಲ್ಫೀನಾ ಪ್ರತಿಯೊಂದನ್ನೂ ಮೂರು ಸಲ ಓದುತ್ತಾಳೆ.
ಒಂದು ಸಲ ಕಿವಿಗೆ, ಒಂದು ಸಲ ಸಿಡಿಲಿಗೆ,
ಇನ್ನೊಂದು, ಪೆನ್ಸಿಲ್ ಹುಡುಕುತ್ತಿರುವವರಿಗೆ.
ಆ ವರ್ಷ ಓದಿದಳು:
'ಬಿಳಿಗಲ್ಲು ಕಣಿವೆಯ ಎದೆಲ್ಮೀರಾ ನಾವೆಲ್ಕೀರ್ ಅವರಿಗೆ.
ನಿಮ್ಮ ತಮ್ಮ ಗುರುವಾರದ ಬಸ್ಸಿಗೆ ಬರುತ್ತಾನೆ.
ಕಬ್ಬಿಣದ ಸೇತುವೆಗೆ' — ಚರ್ರ್ —
'ಕುದುರೆ ತನ್ನಿ.'
ಎಷ್ಟು ಕುದುರೆ? ಮೂರು ಸಲ ಓದಿದಳು,
ಮೂರು ಸಲವೂ ಸಿಡಿಲು ಆ ಒಂದೇ ಮಾತನ್ನು ತಿಂದಿತು.
ಮುದುಕಿ ಇದ್ದ ನಾಲ್ಕನ್ನೂ ಹಿಡಿದುಕೊಂಡು
ಒಂದೂವರೆ ದಿನ ನಡೆದು ಬಂದಳು.
ಬಸ್ಸಿಳಿದವನು ಒಬ್ಬನೇ,
ತೊಡೆಯ ಮೇಲೊಂದು ಹೊಲಿಗೆ ಯಂತ್ರ.
ಹನ್ನೊಂದು ವರ್ಷ ಬೈದಳು ನನ್ನನ್ನು.
ಬೈಯುವುದಕ್ಕೂ ಕೇಳಿಸಿರಬೇಕಲ್ಲ.

ಎಫ್.ಎಂ. ಹೋಗುವುದು ಕಣ್ಣು ಹೋದಷ್ಟು ದೂರ,
ಗುಡ್ಡ ಅಡ್ಡ ಬಂದರೆ ನಿಂತುಬಿಡುತ್ತದೆ.
ಹಳೆಯದು ನೆಲಕ್ಕಂಟಿಕೊಂಡು ಗುಡ್ಡ ಬಳಸುತ್ತದೆ,
ಕತ್ತಲಾದರೆ ಆಕಾಶಕ್ಕೆ ತಲೆ ಕುಟ್ಟಿ
ಗಡಿಯಾಚೆ, ಚಿಲಿಯಲ್ಲಿ, ಯಾರದೋ ಅಡುಗೆಮನೆಗೆ ಇಳಿಯುತ್ತದೆ.
ಅವರ ನಿಲಯವೂ ನಮ್ಮದಕ್ಕೆ ಬೆರೆಯುತ್ತದೆ,
ಅಲ್ಲಿಯ ಮೀನಿನ ಬೆಲೆ, ಇಲ್ಲಿಯ ಸಾವಿನ ಸುದ್ದಿ, ಒಟ್ಟೊಟ್ಟಿಗೆ.
ಎಫ್.ಎಂ.ನಲ್ಲಿ ಗಟ್ಟಿ ದನಿ ಮೆಲುದನಿಯನ್ನು ನುಂಗುತ್ತದೆ,
ನುಂಗಿದ ಸದ್ದೂ ಇರುವುದಿಲ್ಲ.
ವಿಮಾನದವರು ಇನ್ನೂ ಎ.ಎಂ. ಬಿಟ್ಟಿಲ್ಲ, ಯಾಕೆ ಹೇಳು?
ಇಬ್ಬರು ಒಮ್ಮೆಗೇ ಮಾತಾಡಿದರೆ
ಇಬ್ಬರಿದ್ದಾರೆ ಅಂತಾದರೂ ತಿಳಿಯಬೇಕು.

ಹೋದ ವಾರ ಹೊಸದರಲ್ಲಿ ಪರೀಕ್ಷೆಗೆ ಓದಿದಳಲ್ಲ,
ಹಾಳೆ ತಿರುವಿದ್ದು ಕೇಳಿಸಿತು,
ಉಂಗುರ ಮೇಜಿಗೆ ತಾಗಿದ್ದು,
ಉಸಿರು ಎಳೆದುಕೊಂಡದ್ದು.
ಮೂವತ್ತೊಂದು ವರ್ಷ ಈ ಗಾಜಿನ ಆಚೆ ಕೂತವನು
ಅವಳಿಗೆ ಉಬ್ಬಸವಿದೆ ಎಂದು ಅವತ್ತೇ ತಿಳಿದೆ.
ಅವಳು ಮೂರನೆಯ ಸಲ ಓದುವಾಗ
ಚೌಕದ ಹುಡುಗರು ನಕ್ಕರಂತೆ:
'ಮೊದಲ ಸಲವೇ ಕೇಳಿಸಿತು ಅಜ್ಜಿ!'
ಅವಳು ನಿಲ್ಲಿಸಿದಳು. ಆ ಮೌನವೂ
ಎಷ್ಟು ಸ್ಪಷ್ಟವಾಗಿ ಬಂತು ಗೊತ್ತಾ.

ಇವತ್ತು ಸಂದೇಶ ಮುಗಿದ ಮೇಲೆ
ಹಳೆಯದನ್ನು ನಿಲ್ಲಿಸಬೇಕೆಂದು ಕಾಗದ ಬಂದಿದೆ.
ಗುಂಡಿ ಅಗೋ, ಆ ಕೆಂಪು.
ತುಕ್ಕು ಹಿಡಿದಿದೆ, ಒಂದೇ ಏಟಿಗೆ ಕೇಳುವುದಿಲ್ಲ,
ಮೂರು ಸಲ ಒತ್ತಬೇಕು.
ನಾನು ಎರಡು ಸಲ ಒತ್ತಿ ಬಂದಿದ್ದೇನೆ.

ನೀರು ಹಾಕು, ಎಲೆಯಲ್ಲಿ ಇನ್ನೂ ಕಹಿ ಇದೆ.